ಎಲ್ಲರಿಗೂ ಒಂದೇ ಪಾಸ್‌ವರ್ಡ್

ಊರಿಗೆಲ್ಲ ಒಂದೇ ಕೀಲಿಕೈ ಮಾಡಿಸಿಟ್ಟರೆ ಯಾರ ಮನೆಯೊಳಗೆ ಯಾರು ಹೊಕ್ಕು ಕೂಡುತ್ತಾರೋ ಹೇಳಲಿಕ್ಕಾಗದು. ಅದಕ್ಕೇ ನನ್ನ ಕೆಲಸದಲ್ಲಿ ನಗುವಿಗೆ ಬರವಿಲ್ಲ. ಆಳಂದದ ಒಂದು ವಧು-ವರರ ಕೇಂದ್ರದ ವೆಬ್‌ಸೈಟ್ ನೋಡಿಕೊಳ್ಳುವವ ನಾನು. ಒಳಗೆ ಹೋಗಲು ಫೋಟೋದ ಕೆಳಗೇ ಕಾಣುವ ಸದಸ್ಯ ಸಂಖ್ಯೆ, ಆಮೇಲೆ ಪಾಸ್‌ವರ್ಡ್. ಅದು ಎಲ್ಲರಿಗೂ 123456. ಸಾಫ್ಟ್‌ವೇರ್ ಬರುವಾಗಲೇ ಹಾಗೆ ಬಂದಿತ್ತು; ಯಾರೂ ಬದಲಿಸಲಿಲ್ಲ. ಮೂವತ್ತಾರರ ನಾನೂ ಅದೇ ಸೈಟಿನಲ್ಲಿ ಒಬ್ಬ ವರ. ನಾನೂ ಬದಲಿಸಿರಲಿಲ್ಲ.

ಹೊಸ ಮಾರಿ

ಜೇವರ್ಗಿಯ ಕಾಕಾ ಒಬ್ಬರು ಪೇಢೆ ಡಬ್ಬಿ ಹಿಡಿದು ಬಂದರು. “ಮಗಗ ಸರ್ಕಾರಿ ನೌಕರಿ ಆಗ್ಯಾದ. ಮನ್ಯಾಗ ಹೇಳೇ ಇಲ್ಲ ನೋಡ್ರಿ, ನಿಮ್ಮ ಸೈಟಿನಾಗ ಬರದಾನ!”

ತೆಗೆದು ನೋಡಿದೆ. ಸಂಖ್ಯೆಯಲ್ಲಿ ಒಂದಂಕಿ ತಪ್ಪು ಒತ್ತಿ, ಬೇರೆ ಯಾರದೋ ಮಗನ ಖಾತೆಯಲ್ಲಿ ಕೂತಿದ್ದರು.

“ಕಾಕಾ, ಫೋಟೋ ನೋಡ್ಲಿಲ್ಲೇನ್ರಿ?”

“ನೋಡ್ದೆ. ನೌಕರಿ ಸಿಕ್ಕರ ಮಾರಿಗೆ ಕಳಾ ಬರ್ತದಂತ ತಿಳ್ಕೊಂಡೆ.”

ಮಾಲಕರ ಬಂದೋಬಸ್ತು

ಇದನ್ನು ಮಾಲಕರಿಗೆ ಹೇಳಿದೆ. ಗಾಬರಿಯಾಗಿ ಅವತ್ತೇ ಎಲ್ಲರ ಪಾಸ್‌ವರ್ಡ್ ಬದಲಿ ಮಾಡಿಸಿದರು: 654321. ಅದನ್ನು ವಾಟ್ಸಾಪ್ ಗ್ರೂಪಿಗೂ ಹಾಕಿದರು.

“ಸರ್, ಹಿಂಗಾದ್ರ ಎಲ್ಲರಿಗೂ ಗೊತ್ತಾಗ್ತದಲ್ರಿ?”

“ಎಲ್ಲರೂ ನಾಳೆ ಬೀಗರಾಗೋರೇ! ಹೊರಗಿನವರು ಯಾರದಾರಪಾ ಇದರಾಗ?”

ಒಲ್ಲೆ ಅಂದವರು ಯಾರು?

ಅಫಜಲಪುರದ ಕಡೆ ಚೌಡಾಪುರದಲ್ಲಿ ಒಬ್ಬ ಟೀಚರ್, ನಮ್ಮ ಸೈಟಿನ ವಧು. ಸೈಟ್ ಸರಿಯಿದೆಯೋ ಇಲ್ಲವೋ ನೋಡುವ ನೆಪದಲ್ಲಿ ದಿನಾ ಮುಂಜಾನೆ ಅವರ ಫೋಟೋ ತೆರೆದು ನೋಡುತ್ತಿದ್ದೆ. ಪ್ರಸ್ತಾಪ ಕಳಿಸುವ ‘ಒಪ್ಪಿಗೆ ಇದೆಯೇ’ ಎಂಬ ಗುಂಡಿಯ ತನಕ ಬೆರಳು ಹೋಗಿ, ಹಾಗೇ ವಾಪಸು ಬರುತ್ತಿತ್ತು. ಎರಡು ವರ್ಷ ಹೀಗೇ ಹೋಯಿತು.

ಒಂದು ದಿನ ಅವರ ಮನೆಯಿಂದಲೇ ನನಗೆ ಪ್ರಸ್ತಾಪ ಬಂದಿತ್ತು! ಕಣ್ಣುಜ್ಜಿಕೊಂಡು ನೋಡಿದರೆ ಕೆಳಗೆ ಕೆಂಪಕ್ಷರ: ‘ನೀವು ಈ ಸಂಬಂಧವನ್ನು ನಿರಾಕರಿಸಿದ್ದೀರಿ.’

ನಾನು ಮುಟ್ಟೇ ಇಲ್ಲ! ಸಾಫ್ಟ್‌ವೇರಿನ ದೋಷವೆಂದು ಕ್ಷಮೆ ಕೇಳಲು ಫೋನ್ ಹಚ್ಚಿದೆ. ಟೀಚರೇ ಎತ್ತಿದರು.

“ದೋಷ ಇಲ್ರಿ. ನಾನೇ ನಿಮ್ಮ ಖಾತೆ ತೆಗದು ಒಲ್ಲೆ ಅಂತ ಒತ್ತೀನಿ. ಪಾಸ್‌ವರ್ಡ್ ಎಲ್ಲರದೂ ಒಂದೇ ಅದಲ್ರಿ?”

“ನಿಮ್ಮ ಖಾತೆದಾಗೇ ಬ್ಯಾಡ ಅನ್ನಬಹುದಿತ್ತಲ್ರಿ?”

“ಪ್ರಸ್ತಾಪ ಕಳಿಸಿದಾಕಿ ನಮ್ಮವ್ವರಿ. ನಾ ಒಲ್ಲೆ ಅಂದ್ರ ನನಗ ಬೈತಾಳ. ನೀವು ಒಲ್ಲೆ ಅಂದ್ರ ನಿಮಗ ಬೈತಾಳ.” ದನಿ ಮೆತ್ತಗೆ ಮಾಡಿ ಅಂದರು: “ತಪ್ಪು ತಿಳೀಬ್ಯಾಡ್ರಿ. ಈಗ ಪರೀಕ್ಷಾಕ್ಕ ಓದಾಕತ್ತೇನಿ. ಪಾಸ್‌ವರ್ಡ್ ಅಷ್ಟ ಬದಲಿ ಮಾಡ್ಕೋರಿ.”

ಅವತ್ತು ಸಂಜೆಯೊಳಗೆ ಸೈಟಿನ ಸದಸ್ಯರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಮಾಡಿಕೊಟ್ಟೆ. ಮಾಲಕರು ಪಟ್ಟಿ ನೋಡಿ, “ನಿನ್ನದೊಂದು ಹಳೇದೇ ಉಳದದಲ್ಲೋ?” ಅಂದರು.

“ಇರ್ಲಿ ಬಿಡ್ರಿ,” ಅಂದೆ. “ಪರೀಕ್ಷಾ ಮುಗದಮ್ಯಾಗ ಅವರ ಮನಸ್ಸು ಬದಲಾದ್ರ, ನನ್ನ ಕಡಿಂದ ‘ಹೂಂ’ ಅಂತ ಒತ್ತಾಕ ಬಾಗಿಲಾ ತೆರದಿರಬೇಕಲ್ರಿ?”