ಸಾವಕಾರರ ಕೆಂಪು ಗಾಡಿಯ ಮೂರು ಚೈನು

ಗ್ಯಾರೇಜು ಇಟ್ಟುಕೊಂಡವನ ಕಿವಿಗೆ ದಿನಾ ಎರಡು ಥರದ ಸಪ್ಪಳ ಬೀಳುತ್ತವೆ. ಒಂದು ಗಾಡಿಯದು, ಇನ್ನೊಂದು ಗಾಡಿಯ ಮಾಲಕರದು. ಮೊದಲನೆಯದಕ್ಕೆ ನಮ್ಮ ಹತ್ತಿರ ಪಾನಾ, ಸ್ಕ್ರೂಡ್ರೈವರ್ ಎಲ್ಲ ಇರುತ್ತವೆ. ಎರಡನೆಯದಕ್ಕೆ ಇನ್ನೂ ಯಾವ ಕಂಪನಿಯೂ ಪಾನಾ ಮಾಡಿಲ್ಲ. ಉಣಕಲ್ಲಿನ ಹತ್ತಿರ ನಾನು ಗ್ಯಾರೇಜು ತೆರೆದಾಗಿನಿಂದ ಇಂಥವು ನಡೆಯುತ್ತಲೇ ಇವೆ. ಆದರೆ ಒಂದೇ ಗಾಡಿ, ಒಂದೇ ರಿಪೇರಿ, ಅದರಲ್ಲೇ ಇಷ್ಟೆಲ್ಲ ನಡೆದದ್ದು ಹೋದ ವರ್ಷ ಬಂದ ಆ ಕೆಂಪು ಗಾಡಿಯಲ್ಲಿ ಮಾತ್ರ.

ಗಾಡಿಯ ಮಾಲಕರು ವಿದ್ಯಾನಗರದ ಒಬ್ಬ ಸಾವಕಾರರು. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಅವರದು ಹತ್ತಿ ವ್ಯಾಪಾರ. ವಯಸ್ಸು ಎಪ್ಪತ್ತರ ಹತ್ತಿರ. ನಾನು ಅವರಿಗೆ ಕಾಕಾ ಅನ್ನುತ್ತೇನೆ, ಅವರ ಹೆಂಡತಿಗೆ ಕಾಕು. ಜೀವನವಿಡೀ ಅಂಬಾಸಿಡರಿನಲ್ಲಿ ಓಡಾಡಿದ ಕಾಕಾ, ಈ ವಯಸ್ಸಿನಲ್ಲಿ ಪುಣೆಯ ಗೆಳೆಯರೊಬ್ಬರ ಕಡೆಯಿಂದ ಒಂದು ಪರದೇಶದ ಸ್ಪೋರ್ಟ್ಸ್ ಕಾರು ತಂದುಬಿಟ್ಟರು. ಎರಡೇ ಸೀಟು, ಹಳೇ ಗಾಡಿ, ಮೊಣಕಾಲೆತ್ತರಕ್ಕಿಂತ ತುಸು ಮೇಲೆ. ಯಾರ್ಡಿನಲ್ಲಿ ಹತ್ತಿ ಅಂಡಿಗೆ ಹೊತ್ತ ಲಾರಿಗಳ ನಡುವೆ ಅದು ಯಾರೋ ಬೀಳಿಸಿ ಹೋದ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಕಾಣುತ್ತಿತ್ತು.

ಮುಂಜಾನೆಯ ಸಪ್ಪಳ

ಆ ಗಾಡಿಗೆ ಒಂದು ಸಪ್ಪಳ ಇತ್ತು. ಮುಂಜಾನೆ ಮೊದಲ ಸಲ ಚಾಲೂ ಮಾಡಿದಾಗ ಮಾತ್ರ ಬರುತ್ತಿತ್ತು. ಎಂಜಿನ್ ಬಿಸಿಯಾಯಿತೋ, ಮಾಯ. ಕಾಕಾ ವಿದ್ಯಾನಗರದಿಂದ ನನ್ನ ಗ್ಯಾರೇಜಿಗೆ ಬರುವಷ್ಟರಲ್ಲಿ ಗಾಡಿ ದೇವರ ಮುಂದೆ ನಿಂತ ಕೂಸಿನಷ್ಟು ಸುಮ್ಮನಾಗಿರುತ್ತಿತ್ತು. ಆಮೇಲೆ ಆ ಸಪ್ಪಳವನ್ನು ಕಾಕಾ ಬಾಯಿಂದ ಮಾಡಿ ತೋರಿಸುತ್ತಿದ್ದರು. ಒಂದು ದಿನ ಅದು ಕುದುರೆ ಓಡಿದ ಹಾಗೆ ಇರುತ್ತಿತ್ತು, ಇನ್ನೊಂದು ದಿನ ಅಳ್ಳು ಸಿಡಿದ ಹಾಗೆ. ಅದರ ಮೇಲೆ ರೋಗ ಹೇಳುವುದು ನನ್ನಿಂದಾಗಲಿಲ್ಲ. ನಾನೇ ಒಂದು ಮುಂಜಾನೆ ಅವರ ಮನೆಗೆ ಹೋದೆ.

ಕಾಕಾ ಕೀಲಿ ತಿರುವಿದರು. ನಾನು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿಕೊಂಡು ಬಗ್ಗಿದೆ. ಅಬ್ಬಾ, ಏನು ಸಪ್ಪಳ. ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಬೇರಿಂಗ್ ಹೋಗಿದೆ, ಪಿಸ್ಟನ್ ಹೋಗಿದೆ, ಎಲ್ಲಾ ಹೋಗಿದೆ ಅಂತ ನನಗೆ ಖಾತ್ರಿಯಾಯಿತು. ಬಂದ್ ಮಾಡಿರಿ ಅಂದೆ. ಕಾಕಾ ಬಂದ್ ಮಾಡಿದರು. ಸಪ್ಪಳ ನಿಲ್ಲಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಗೊತ್ತಾಯಿತು, ಅದು ಅಡಿಗೆಮನೆಯ ಕಿಡಕಿಯಿಂದ ಬರುತ್ತಿತ್ತು. ಕಾಕು ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡುತ್ತಿದ್ದರು.

ಮಿಕ್ಸರ್ ನಿಲ್ಲಿಸಲು ಹೇಳಿ ಮತ್ತೆ ಚಾಲೂ ಮಾಡಿಸಿದೆ. ಈಗ ಗಾಡಿಯ ಖರೇ ಸಪ್ಪಳ ಕೇಳಿಸಿತು. ಎಂಜಿನ್ನಿನ ಮುಂಭಾಗದಲ್ಲಿ ಖಡ ಖಡ, ಖಡ ಖಡ. ಅದು ಟೈಮಿಂಗ್ ಚೈನು. ಎಂಜಿನ್ ಒಳಗೆ ಪಿಸ್ಟನ್ನು ಮೇಲೆ ಕೆಳಗೆ ಆಡುತ್ತಿರುತ್ತವೆ, ವಾಲ್ವು ತೆರೆದು ಮುಚ್ಚುತ್ತಿರುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ಎರಡನ್ನೂ ಹದದಲ್ಲಿ ಇಡುವುದು ಆ ಚೈನಿನ ಕೆಲಸ. ವರ್ಷಗಟ್ಟಲೆ ಓಡಿ ಅದು ಹಿಗ್ಗಿ ಜೋಲು ಬಿದ್ದಿತ್ತು. ಒಂದು ಹಲ್ಲು ತಪ್ಪಿದರೆ ಇಡೀ ಎಂಜಿನ್ ಪುಡಿ ಅಂತ ಕಾಕಾಗೆ ತಿಳಿಸಿ ಹೇಳಿದೆ.

ಕಾಕಾ ಸಪ್ಪೆ ಮುಖ ಮಾಡಿದರು. ದಸರೆ ಮುಗಿದ ಮೇಲೆ ಧಾರವಾಡದಲ್ಲಿ ಅವರ ತಮ್ಮನ ಬಸುರಿ ಸೊಸೆಯ ಕುಬಸ ಇತ್ತು. ಅದಕ್ಕೆ ಕಾಕುವನ್ನು ಈ ಗಾಡಿಯಲ್ಲೇ ಕರೆದುಕೊಂಡು ಹೋಗಬೇಕು ಅಂತ ಅವರ ಆಸೆ. ಕಾಕು ಮಾತ್ರ ಆ ಸಪ್ಪಳ ಹೋಗುವ ತನಕ ಅದರಲ್ಲಿ ಕಾಲಿಡುವುದಿಲ್ಲ ಅಂತ ಗಾಡಿ ಬಂದ ದಿನವೇ ಹೇಳಿಬಿಟ್ಟಿದ್ದರು. ಕುಬಸದೊಳಗೆ ಮುಗಿಸಿ ಕೊಡುತ್ತೇನೆ ಅಂತ ನಾನು ಒಪ್ಪಿಕೊಂಡೆ. ಹೊರಡುವಾಗ ಕಾಕು ಅಡಿಗೆಮನೆಯಿಂದ ಹೊರಗೆ ಬಂದರು.

"ಗಾಡಿ ಇರ್ಲಿ ತಮ್ಮಾ. ನಮ್ಮ ಮಿಕ್ಸರ್‌ಗೆ ಏನಾಗೇತಿ ಅದನ್ನ ಹೇಳು. ನನಗ ದಿನಾ ಬೇಕಾಗೂದು ಅದು."

ಪರದೇಶದ ಚೈನು

ಆ ಎಂಜಿನ್ನಿನಲ್ಲಿ ಒಂದಲ್ಲ, ಮೂರು ಚೈನು. ಇಲ್ಲಿ ಸಿಗುವುದಿಲ್ಲ, ಹೊರದೇಶದಿಂದ ತರಿಸಬೇಕು ಅಂದೆ. ಕಾಕಾ ನನ್ನ ಗ್ಯಾರೇಜಿನಲ್ಲಿ ನಿಂತುಕೊಂಡೇ ಧಾರವಾಡದ ತಮ್ಮನಿಗೆ ಫೋನ್ ಹಚ್ಚಿದರು. ಕಾಕಾ ಫೋನಿನಲ್ಲಿ ಮಾತಾಡಿದರೆ ಧಾರವಾಡಕ್ಕೆ ಫೋನ್ ಇಲ್ಲದೆಯೂ ಕೇಳಿಸುತ್ತದೆ.

"ಮೂರು ಚೈನ್ ತರಸಾಕತ್ತೇನಿ. ಪರದೇಶದ್ದು. ಕುಬಸದಾಗ ಎಲ್ಲಾರೂ ನೋಡ್ಲಿ."

ಆ ಕಡೆ ಫೋನಿನ ಹತ್ತಿರ ಇದ್ದದ್ದು ತಮ್ಮನ ಹೆಂಡತಿ, ಅಂದರೆ ಕಾಕುವಿನ ನೆಗೆಣ್ಣಿ. ಕುಬಸದ ಮನೆ, ಮೂರು ಚೈನು, ಪರದೇಶದ್ದು. ಆಕೆ ಲೆಕ್ಕ ಹಾಕಿಬಿಟ್ಟರು: ಸೊಸೆಗೆ ಒಂದು, ತನಗೆ ಒಂದು, ಕಾಕುಗೆ ಒಂದು. ಸಂಜೆಯೊಳಗೆ ಬೀಗರ ಮನೆಗೂ ಸುದ್ದಿ ಹೋಯಿತು. ಪಾರ್ಸೆಲ್ ಬಂತು ಅಂತ ಕೇಳಿದ್ದೇ ಆಕೆ ಧಾರವಾಡದಿಂದ ಹೊರಟು ಬಂದರು. ಸಾಮಾನು ಸರಿಯಾಗಿ ಬಂದಿದೆಯೋ ನೋಡಲು ಕಾಕಾ ನನ್ನನ್ನೂ ಮನೆಗೆ ಕರೆಸಿದ್ದರು. ಅಷ್ಟು ಹಗುರ ಕೈಯಿಂದ ಪಾರ್ಸೆಲ್ ಬಿಚ್ಚಿದ್ದನ್ನು ನಾನು ಎಲ್ಲೂ ನೋಡಿಲ್ಲ. ಆಕೆ ಒಂದೊಂದೇ ಕಾಗದ ಸರಿಸಿದರು. ಒಳಗಿನಿಂದ ಎಣ್ಣೆ ಸುರಿಯುವ, ಸೈಕಲ್ಲಿನ ಚೈನಿನಂಥ ಕರೀ ಚೈನು ಹೊರಗೆ ಬಂತು.

ಕಾಕುಗೆ ಒಂದು ಗಳಿಗೆಯಲ್ಲಿ ಎಲ್ಲಾ ತಿಳಿಯಿತು. ಕಾಕು ಒಂದನ್ನು ಎತ್ತಿ ಕೊರಳಿನ ಹತ್ತಿರ ಹಿಡಿದು, ಉದ್ದ ಛಲೋ ಇದೆ, ಇದರ ಜೋಡಿ ಕಿವಿಗೆ ಬೆಂಡೋಲಿ ಬಂದಿಲ್ಲೇನು ಅಂತ ನನ್ನನ್ನು ಕೇಳಿದರು. ನಾನು ನಗು ನುಂಗಿಕೊಂಡೆ. ಇದ್ಯಾವುದೂ ಗೊತ್ತಿಲ್ಲದ ಕಾಕಾ ಡಬ್ಬಿಯೊಳಗೆ ಕೈ ಹಾಕಿ, ಚೈನನ್ನು ಬಿಗಿ ಹಿಡಿಯುವ ಉರುಟು ಸಾಮಾನುಗಳನ್ನು ತೆಗೆದು ನೆಗೆಣ್ಣಿಯ ಕೈಯಲ್ಲಿಟ್ಟರು.

"ಬೆಂಡೋಲಿ ಅಲ್ಲವಾ, ಇವಕ್ಕ ಟೆನ್ಶನರ್ ಅಂತಾರ."

"ಹೌದ್ರಿ ಬಾವಾರ," ಅಂದರು ನೆಗೆಣ್ಣಿ. "ಬೀಗರಿಗೆ ಏನ್ ಹೇಳ್ಲಿ ಅಂತ ನನಗ ಟೆನ್ಶನ್ ಆಗಲೇ ಹತ್ತೇತಿ."

ನೋಡಲು ಬಂದವರು

ಮುಂದಿನ ಕೆಲಸಕ್ಕೆ ಎಂಜಿನ್ನನ್ನೇ ಹೊರಗೆ ತೆಗೆಯಬೇಕಾಯಿತು. ಉದ್ದನೆಯ ಬೆಂಚಿನ ಮೇಲೆ ಇಟ್ಟು, ಧೂಳು ಬೀಳಬಾರದು ಅಂತ ಬಿಳೀ ಚಾದರ ಹೊದಿಸಿದ್ದೆ. ಕಾಕಾ ದಿನಾ ಬಂದು ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ದಾಡಿ ಬಿಟ್ಟಿದ್ದರು. ಚಹಾ ಕೊಟ್ಟರೆ ಅರ್ಧ ಕುಡಿದು ಇಡುತ್ತಿದ್ದರು. ಯಾರ್ಡಿನ ಗೆಳೆಯರು ಒಬ್ಬೊಬ್ಬರೇ ಬಂದು, ದವಾಖಾನೆಗೆ ಬಂದವರ ಹಾಗೆ ಬಾಳೆಹಣ್ಣು, ಬಿಸ್ಕೀಟು ಕೊಟ್ಟು ಹೋಗುತ್ತಿದ್ದರು.

ಅವರಲ್ಲಿ ಒಬ್ಬರು ವಯಸ್ಸಾದ ದಲಾಲರು. ಕಣ್ಣು ಮಂದ. ಸಾವಕಾರರದು ಕೆಳಗೆ ಇಳಿಸಿದ್ದಾರಂತೆ, ಅವರು ಪಕ್ಕದಲ್ಲೇ ಕೂತಿದ್ದಾರಂತೆ, ಮುಖ ನೋಡಲು ಆಗುವುದಿಲ್ಲವಂತೆ ಅಂತ ಯಾರ್ಡಿನ ಹಮಾಲರು ಹೇಳಿದ್ದು ಅವರ ಕಿವಿಗೆ ಬಿದ್ದಿದೆ. ಏನು ಇಳಿಸಿದ್ದಾರೆ ಅನ್ನುವುದು ಮಾತ್ರ ಬಿದ್ದಿಲ್ಲ. ಬಾಗಿಲಲ್ಲೇ ಕಾಲ್ಮರಿ ಬಿಟ್ಟು, ಟೋಪಿ ತೆಗೆದು ಒಳಗೆ ಬಂದರು. ಬಿಳೀ ಚಾದರದ ಮುಂದೆ ಕೈ ಮುಗಿದು ನಿಂತರು. ಆಮೇಲೆ ಕಾಕಾನ ಹೆಗಲ ಮೇಲೆ ಕೈ ಇಟ್ಟು, ವಯಸ್ಸು ಎಷ್ಟಾಗಿತ್ತು ಅಂತ ಮೆಲ್ಲಗೆ ಕೇಳಿದರು.

"ಇಪ್ಪತ್ತು ದಾಟಿತ್ತು," ಅಂದರು ಕಾಕಾ.

ದಲಾಲರ ಕಣ್ಣಲ್ಲಿ ನೀರು ಬಂತು. ಇದು ಹೋಗುವ ವಯಸ್ಸೇನು, ಎಷ್ಟು ಸಣ್ಣದು ಅಂದರು. ಕಾಕಾ ಅವರಿಗೇ ಸಮಾಧಾನ ಹೇಳಿದರು.

"ಸಣ್ಣದೇನ್ ಅಲ್ರಿ. ಇಂಥಾವು ಹತ್ತು ವರ್ಷಕ್ಕ ಹೋಗ್ತಾವ. ಇದರದ ಬಿಚ್ಚಿ ನೋಡೀವಿ, ಒಳಗ ಎಲ್ಲಾ ಸವದೇತಿ. ನೀವೂ ನೋಡ್ರಿ ಬೇಕಾದ್ರ." ಅನ್ನುತ್ತ ಚಾದರ ಎತ್ತಲು ಹೋದರು.

ದಲಾಲರು ಹಾಗೇ ಹಿಂದೆ ಸರಿದವರು ಕಾಲ್ಮರಿ ಅಲ್ಲೇ ಬಿಟ್ಟು ರಸ್ತೆಗೆ ಇಳಿದಿದ್ದರು.

ಬಿಳೀ ಚುಕ್ಕಿ

ಹೊಸ ಚೈನು ಹಾಕುವಾಗ ಎಲ್ಲಕ್ಕಿಂತ ನಾಜೂಕಿನ ಕೆಲಸ ಗುರುತು ಕೂಡಿಸುವುದು. ಚೈನು ಓಡುವ ಯಾವ ಗಾಲಿಯ ಯಾವ ಹಲ್ಲಿನ ಮೇಲೆ ಚೈನಿನ ಯಾವ ಕೊಂಡಿ ಕೂಡಬೇಕು ಅನ್ನುವುದು ತಪ್ಪಿದರೆ ಮುಗಿಯಿತು. ಸರಿಯಾದ ಹಲ್ಲುಗಳನ್ನು ಹುಡುಕಿ, ಗಾಲಿಗೊಂದರಂತೆ ಬಿಳೀ ಬಣ್ಣದ ಚುಕ್ಕಿ ಇಟ್ಟುಕೊಂಡಿದ್ದೆ. ಮರುದಿನ ಖಂಡೇನವಮಿ, ಆಯುಧಗಳ ಪೂಜೆ. ಪೂಜೆ ಮುಗಿದ ಮೇಲೆ ಚೈನು ಕೂಡಿಸಿದರಾಯಿತು ಅಂದುಕೊಂಡೆ.

ಹಬ್ಬದ ದಿನ ಕಾಕಾ, ಕಾಕು ಇಬ್ಬರೂ ಆರತಿ ತಟ್ಟೆ ತೆಗೆದುಕೊಂಡು ಬಂದರು. ನಾನು ಹೊರಗೆ ಬಾಗಿಲಿಗೆ ಬಾಳೆಕಂಬ ಕಟ್ಟುತ್ತಿದ್ದೆ. ಒಳಗೆ ಕಾಕು ಪಾನಾಗಳಿಗೆ, ಜಾಕಿಗೆ, ಟೈರುಗಳಿಗೆ ವಿಭೂತಿ ಹಚ್ಚುತ್ತ ಎಂಜಿನ್ ತನಕ ಹೋದರು. ನಾನು ಒಳಗೆ ಬಂದು ನೋಡುತ್ತೇನೆ, ಎಂಜಿನ್ನಿನ ಗಾಲಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿವೆ. ಒಂದೊಂದು ಹಲ್ಲಿಗೂ ಒಂದೊಂದು ವಿಭೂತಿಯ ಚುಕ್ಕಿ, ರಂಗೋಲಿ ಹಾಕಿದಷ್ಟು ಅಚ್ಚುಕಟ್ಟು. ನನ್ನ ಚುಕ್ಕಿ ಯಾವುದು, ಕಾಕುವಿನ ಚುಕ್ಕಿ ಯಾವುದು, ದೇವರೇ ಬಲ್ಲ. ನಾನು ತಲೆ ಹಿಡಿದುಕೊಂಡು ಕೂತೆ. ಏನಾಯಿತು ಅಂತ ಕೇಳಿದರು. ಹೇಳಿದೆ.

"ನೀ ಅಲ್ಲೊಂದ ಇಲ್ಲೊಂದ ಹಚ್ಚಿ ಬಿಟ್ಟಿದ್ದಿ," ಅಂದರು ಕಾಕು. "ಉಳದ ಹಲ್ಲು ಏನ್ ಪಾಪ ಮಾಡಿದ್ವು ಅಂತ ನಾ ಪೂರಾ ಮಾಡಿದೆ."

ವಿಭೂತಿ ಒರೆಸಿದರೆ ಹೋಗುತ್ತದೆ, ಬಣ್ಣ ಹೋಗುವುದಿಲ್ಲ, ಹೆದರುವ ಕಾರಣ ಇಲ್ಲ ಅಂತ ನಾನು ಇಬ್ಬರಿಗೂ ಧೈರ್ಯ ಹೇಳಿ ಒಣ ಅರಿವೆ ತರಲು ಹೋದೆ. ಹೆಂಡತಿಯಿಂದಾದ ತಪ್ಪನ್ನು ತಾವೇ ಸರಿ ಮಾಡಬೇಕು ಅಂತ ಕಾಕಾಗೆ ಅನ್ನಿಸಿರಬೇಕು. ನಾನು ಬರುವಷ್ಟರಲ್ಲಿ ಅವರು ಅಲ್ಲೇ ಇದ್ದ ಪೆಟ್ರೋಲಿನಲ್ಲಿ ಕರವಸ್ತ್ರ ಅದ್ದಿ ಎಲ್ಲಾ ಗಾಲಿಗಳನ್ನೂ ತಿಕ್ಕಿ ಮುಗಿಸಿದ್ದರು.

"ನೋಡು ತಮ್ಮಾ," ಅಂದರು ಹೆಮ್ಮೆಯಿಂದ. "ಯಾರ ಚುಕ್ಕೀನೂ ಉಳಿಸಿಲ್ಲ."

ಸಪ್ಪಳ ಹೋಯಿತು

ಪುಣ್ಯಕ್ಕೆ ಗಾಲಿಯ ಮೇಲೆ ಕಂಪನಿಯವರೇ ಕೊರೆದ ಸಣ್ಣ ಗೀಟುಗಳು ಇದ್ದವು. ಬ್ಯಾಟರಿ ಬೆಳಕು ಹಿಡಿದು ಅವನ್ನು ಮತ್ತೆ ಹುಡುಕಿ, ಚೈನು ಕೂಡಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿದೆ. ಎಲ್ಲೂ ತಾಗಲಿಲ್ಲ. ಗಾಡಿಯಲ್ಲಿ ಇಳಿಸಿ, ಎಣ್ಣೆ ನೀರು ಹಾಕಿ, ಕಾಕಾನನ್ನು ಕರೆಸಿದೆ. ಮೊದಲ ಸಲ ಕೀಲಿ ನೀವೇ ತಿರುವಿರಿ ಅಂದೆ.

ಕಾಕಾ ಕಣ್ಣು ಮುಚ್ಚಿ ತಿರುವಿದರು. ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಖಡ ಖಡ ಇಲ್ಲ, ಏನೂ ಇಲ್ಲ, ಬೆಕ್ಕು ಮಲಗಿದ ಹಾಗೆ ಗುರು ಗುರು. ನನಗೆ ಜೀವ ಬಂತು. ಕಾಕಾನ ಮುಖ ಮಾತ್ರ ಬಾಡಿತು. ಚಾಲೂ ಆಗಲಿಲ್ಲ ಅಂದುಕೊಂಡು ಅವರು ಮತ್ತೆ ಮತ್ತೆ ಕೀಲಿ ತಿರುವಿ ಸ್ಟಾರ್ಟರನ್ನು ಕಿರುಚಿಸುತ್ತಿದ್ದರು. ನಾನು ಅವರ ಕೈ ಹಿಡಿದು ಬಾನೆಟ್ಟಿನ ಮೇಲೆ ಇಡಿಸಿದಾಗ ನಂಬಿದರು.

ಆ ವಾರದಲ್ಲೇ ಅವರು ಮತ್ತೆ ಬಂದರು. ಇಷ್ಟು ದಿನ ಆ ಖಡ ಖಡ ಕೇಳಿ ಇಡೀ ಓಣಿ ಎದ್ದು ಕಿಡಕಿಯಲ್ಲಿ ನಿಂತು ಗಾಡಿ ನೋಡುತ್ತಿತ್ತಂತೆ. ಈಗ ಅವರು ಹೋದದ್ದು ಬಂದದ್ದು ಯಾರಿಗೂ ಗೊತ್ತಾಗುತ್ತಿಲ್ಲ. ಬಹಳ ಹೊತ್ತು ಆ ಮಾತು ಈ ಮಾತು ಆಡಿ ಕೊನೆಗೆ ಕೇಳಿದರು.

"ಆ ಹಳೀ ಚೈನ್‌ನ್ಯಾಗ ಒಂದು, ಸಣ್ಣದು, ವಾಪಸ್ ಹಾಕಾಕ ಬರ್ತೇತೇನು?"

ಕುಬಸಕ್ಕೆ ಹೋದ ಗಾಡಿ

ಕುಬಸದ ದಿನ ಕಾಕು ಇಳಕಲ್ ಸೀರೆ ಉಟ್ಟು ಕೆಂಪು ಗಾಡಿಯಲ್ಲಿ ಕೂತರು. ಮಧ್ಯಾಹ್ನ ಕಾಕಾನ ಫೋನ್ ಬಂತು. ಎಂದೂ ಇಲ್ಲದ ಪಿಸುಮಾತು. ಧಾರವಾಡ ಮುಟ್ಟಿದ್ದೇವೆ, ಲಗೂ ಬಾ ಅಂದರು. ಚೈನು ಹಾರಿತೇ, ಸಪ್ಪಳ ಬಂತೇ ಅಂತ ಕೇಳಿದೆ.

"ಗಾಡಿ ಛಲೋ ಐತಿ," ಅಂದರು ಕಾಕಾ. "ನಮಗ ಏಳಾಕ ಬರವಲ್ದು."

ಆ ಗಾಡಿಯಲ್ಲಿ ಕೂಡುವುದೆಂದರೆ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ, ತಾನಾಗೇ ಇಳಿಯುತ್ತದೆ. ಏಳುವಾಗ ಮೇಲಿನಿಂದ ಯಾರಾದರೂ ಜಗ್ಗಬೇಕು. ಮನೆಯಲ್ಲಾದರೆ ಕಾಕಾ ಗೇಟಿನ ಸರಳು ಹಿಡಿದು ಏಳುತ್ತಿದ್ದರು, ಗ್ಯಾರೇಜಿನಲ್ಲಿ ನನ್ನ ಕೈ. ಧಾರವಾಡದಲ್ಲಿ ಪೆಂಡಾಲಿನ ಮುಂದೆ ಬಯಲಿನಲ್ಲಿ ನಿಲ್ಲಿಸಿದ್ದಾರೆ, ಹಿಡಿಯಲು ಏನೂ ಇಲ್ಲ. ಅಲ್ಲಿದ್ದವರನ್ನು ಕರೆಯಿರಿ ಅಂದೆ. ಅದು ಆಗುವ ಮಾತಲ್ಲ ಅಂದರು. ಹಿಂದಿನ ದಿನ ನೆಗೆಣ್ಣಿ ಫೋನ್ ಮಾಡಿ, ಈ ವಯಸ್ಸಿನಲ್ಲಿ ಆ ಗಾಡಿ ಹತ್ತಿದರೆ ಎಬ್ಬಿಸಲು ಕ್ರೇನ್ ತರಿಸಬೇಕಾದೀತು ಅಂತ ನಕ್ಕಿದ್ದರಂತೆ. ಆಕೆಯ ಕೈ ಹಿಡಿದು ಏಳುವುದಕ್ಕಿಂತ ಗಾಡಿಯಲ್ಲೇ ಇರುತ್ತೇನೆ ಅಂತ ಕಾಕು ಕಾಕಾಗೆ ಕಟ್ಟಪ್ಪಣೆ ಮಾಡಿದ್ದರು.

ನಾನು ಹೋಗಿ ನೋಡಿದೆ. ಗಾಡಿಯ ಸುತ್ತ ಜನವೋ ಜನ. ಒಳಗೆ ಇಬ್ಬರೂ ಫೋಟೋದಲ್ಲಿ ಕೂತ ಹಾಗೆ ನಗುತ್ತ ಕೂತಿದ್ದಾರೆ. ಗಾಡಿಯ ಮೇಲೆ ಅಷ್ಟು ಪ್ರೀತಿ, ಬಿಟ್ಟು ಬರಲು ಮನಸ್ಸಿಲ್ಲ ಅಂತ ಎಲ್ಲರೂ ತಿಳಿದಿದ್ದಾರೆ. ಬಸುರಿ ಸೊಸೆಯೇ ಹಸಿರು ಸೀರೆ ಉಟ್ಟು ಹೊರಗೆ ಬಂದು, ಕಿಡಕಿಯಲ್ಲಿ ಬಗ್ಗಿ ಆಶೀರ್ವಾದ ತೆಗೆದುಕೊಂಡು ಹೋಗಿದ್ದಾಳೆ. ಇಬ್ಬರ ತೊಡೆಯ ಮೇಲೂ ಊಟದ ತಾಟು. ಹೋಳಿಗೆಯ ಮೇಲೆ ತುಪ್ಪ ಸಹ ಕಿಡಕಿಯಿಂದಲೇ ಬಿದ್ದಿದೆ. ನೆಗೆಣ್ಣಿ ಮಾತ್ರ ಎದೆಯ ಮೇಲೆ ಕೈ ಕಟ್ಟಿಕೊಂಡು ಎದುರಿಗೇ ನಿಂತು, ಕಣ್ಣು ಕೀಳದೆ ಕಾಯುತ್ತಿದ್ದಾರೆ.

ನನಗೆ ಒಂದೇ ದಾರಿ ಹೊಳೆಯಿತು. ಹೊಸ ಚೈನು ಹಾಕಿದ್ದೇವೆ, ನೋಡುವವರು ಮುಂದೆ ಬರ್ರಿ ಅಂತ ಹೇಳಿ ಬಾನೆಟ್ ಎತ್ತಿದೆ. ಎಲ್ಲರೂ ಮುಂದಕ್ಕೆ ಬಂದು ಬಗ್ಗಿದರು. ಮೂರು ಚೈನಿನ ವಿಷಯ ಮನಸ್ಸಿನಲ್ಲಿ ಉಳಿದಿತ್ತೋ ಏನೋ, ಎಲ್ಲರಿಗಿಂತ ಮುಂದೆ ನೆಗೆಣ್ಣಿ. ಅವರೆಲ್ಲ ಒಳಗೆ ಚೈನು ಹುಡುಕುತ್ತಿರುವಾಗ, ಬಾನೆಟ್ಟಿನ ಮರೆಯಲ್ಲಿ ನಾನು ಕಾಕುವಿನ ತಾಟು ತೆಗೆದಿಟ್ಟು, ಎರಡೂ ಕಾಲು ಹೊರಗೆ ತಿರುಗಿಸಿ, ಎರಡೂ ಕೈ ಹಿಡಿದು ಜಗ್ಗಿದೆ. ಒಂದೇ ಸಲಕ್ಕೆ ಎದ್ದು ಬಂದರು. ಸೆರಗು ಸರಿ ಮಾಡಿಕೊಂಡು, ಏನೂ ಆಗದವರ ಹಾಗೆ ನಡೆದು ಹೋಗಿ ನೆಗೆಣ್ಣಿಯ ಬೆನ್ನ ಹಿಂದೆ ನಿಂತರು.

ನೆಗೆಣ್ಣಿ ತಿರುಗಿ ನೋಡಿ ಬೆಚ್ಚಿದರು. "ಅಕ್ಕಾರ, ಯಾವಾಗ ಇಳದ್ರಿ?"

"ಆವಾಗಲೇ ಇಳದೆನಲ್ಲ," ಅಂದರು ಕಾಕು. "ಅದರಾಗ ಏನೈತಿ, ಕಾಲ ಕೆಳಗ ಇಟ್ರ ಮುಗೀತು."

ಹೆಂಗಸರೆಲ್ಲ ಮಾತಾಡುತ್ತ ಪೆಂಡಾಲಿನ ಕಡೆ ಹೊರಟರು. ಕೆಲಸ ಮುಗಿಯಿತು ಅಂತ ನಾನೂ ಕೈ ಒರೆಸಿಕೊಂಡು ಬಾನೆಟ್ಟಿಗೆ ಕೈ ಹಾಕಿದೆ. ಆಗ ಆ ಕಡೆಯ ಕಿಡಕಿಯಿಂದ, ಹೋಳಿಗೆಯ ತಾಟಿನ ಹಿಂದಿನಿಂದ, ಒಂದು ಸಣ್ಣ ದನಿ ಬಂತು.

"ಬಾನೆಟ್ ಮುಚ್ಚಬ್ಯಾಡ ತಮ್ಮಾ. ನಾ ಇನ್ನೂ ಒಳಗದೇನಿ."