ಯಜಮಾನ್ರ ಆರೋಗ್ಯಕ್ಕೆ ನಾವೆಲ್ಲ ಕಾವಲು

ಮನೆಯಲ್ಲಿ ಒಬ್ಬರು ಆರೋಗ್ಯ ಕಾಪಾಡಿಕೊಳ್ಳಲು ಹೊರಟರೆ ನಗು ಬರುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ, ಅದು ನಗುವ ಹೊತ್ತಲ್ಲದಿದ್ದರೂ.

ನಮ್ಮ ಯಜಮಾನರದು ಶಿರಾ ಗೇಟ್‌ನಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಒಂದು ಬೆಳಿಗ್ಗೆ ಕುಡಿಯುತ್ತಿದ್ದ ಕಾಫಿ ಬಾಯಿಯ ಎಡಗಡೆಯಿಂದ ಅಂಗಿ ಮೇಲೆ ಸುರಿಯಿತು. ಮಾತು ತೊದಲಿತು. ತಕ್ಷಣ ಆಸ್ಪತ್ರೆಗೆ ಓಡಿದೆವು. ಸಣ್ಣ ಸ್ಟ್ರೋಕು. "ಬೇಗ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು" ಅಂದ ಡಾಕ್ಟರು, ಮಾತ್ರೆ ತಪ್ಪಿಸಬೇಡಿ, ಉಪ್ಪು ಕಮ್ಮಿ ಮಾಡಿ, ದಿನಾ ನಡೀರಿ, ಬಾಯಿಗೆ ವ್ಯಾಯಾಮ ಕೊಡಿ ಅಂದರು. ಮಾತ್ರೆ ನಾನು ನೋಡಿಕೊಂಡೆ. ಮಿಕ್ಕಿದ್ದನ್ನು ಅವರಿಗೆ ಬಿಟ್ಟೆ.

ಉಪ್ಪು

ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಕುಣಿಗಲ್ ಕಡೆ, ಮಾರ್ಕೋನಹಳ್ಳಿಯಲ್ಲಿರುವ ಅವರ ಅಕ್ಕನ ಮನೆಗೆ ಹೋದೆವು. ಅಕ್ಕ ತಮ್ಮನಿಗೆಂದೇ ಉಪ್ಪಿಲ್ಲದ ಸೊಪ್ಪಿನ ಸಾರು ಮಾಡಿ, ಮುದ್ದೆ ಬಡಿಸಿ ಒಳಗೆ ಬಂದರು. ನಾನು ನೀರು ತಂದು ನೋಡಿದರೆ, ಅವರ ಭಾವ ಇವರ ತಟ್ಟೆಗೆ ಉಪ್ಪು ಉದುರಿಸುತ್ತಾ ಕೂತಿದ್ದಾರೆ.

"ರೀ, ಏನ್ರೀ ಇದು?"

"ಉಪ್ಪು ಹಾಕ್ಕೋಬೇಡಿ ಅಂದವ್ರೆ ಡಾಕ್ಟ್ರು. ನಾನೆಲ್ಲಿ ಹಾಕ್ಕೊಂಡೆ? ಭಾವ ಹಾಕಿದ್ದು!"

ಅಕ್ಕನಿಗೆ ನಗು ಬರಲಿಲ್ಲ. ಇದ್ದ ಒಬ್ಬ ತಮ್ಮ. ತಟ್ಟೆ ಎತ್ತಿಕೊಂಡು ಗಂಡನ ಕಡೆ ತಿರುಗಿ, "ನಾಳೆಯಿಂದ ಇಡೀ ಮನೆಗೆ ಒಂದೇ ಸಾರು. ನಿಮ್ಗೂ ಉಪ್ಪಿಲ್ಲ ಬುಡಿ" ಅಂದರು.

ಸ್ಟ್ರೋಕ್ ಆಗಿರುವುದು ಭಾವನಿಗೇ ಅನ್ನಬೇಕು, ಹಾಗಿತ್ತು ಅವರ ಮುಖ.

ನಡಿಗೆ

ಅಲ್ಲಿಂದ ಗುಬ್ಬಿಗೆ, ನನ್ನ ತಮ್ಮನ ಮನೆಗೆ. ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಯಲ್ಲಿ ಕೆಲಸ ಅವನಿಗೆ, ಬೆಳಿಗ್ಗೆ ವಾಕಿಂಗ್ ತಪ್ಪಿಸುವವನಲ್ಲ. "ಭಾವನ್ನ ಒಬ್ರನ್ನೇ ಬಿಡ್ಬೇಡ ಕಣೋ" ಅಂತ ಹೇಳಿ ಜೊತೆಗೆ ಕಳಿಸಿದೆ.

ಹೋದ ಸ್ವಲ್ಪ ಹೊತ್ತಿಗೇ ಯಜಮಾನರು ಯಾರದೋ ಬೈಕ್‌ನಿಂದ ಇಳಿದರು. ನಾನು ಬಾಗಿಲಿಗೆ ಓಡಿದೆ.

"ಏನಾಯ್ತ್ರೀ?"

"ಏನಿಲ್ಲ ಕಣೇ. 'ಯಾಕ್ ಸಾಮಿ ನಡ್ಕೊಂಡು ಹೊಂಟ್ರಿ, ಗಾಡಿ ಕೆಟ್ಟೋಯ್ತಾ, ಹತ್ತಿ' ಅಂದ. ಬೇಡ ಅಂದ್ರೆ ಬೇಜಾರ್ ಮಾಡ್ಕೊಳಲ್ವಾ?"

ಹಿಂದೆ ತಿರುಗಿ ನೋಡಿ ಭಾವ ಕಾಣದೆ ಗಾಬರಿಯಾಗಿದ್ದ ತಮ್ಮ ಬೀದಿಬೀದಿ ಹುಡುಕಿ, ಬೆವರಿಳಿಸಿಕೊಂಡು ಬಂದ. ಇವರು ಸೋಫಾದಲ್ಲಿ ಕಾಲು ಚಾಚಿ, "ದಿನಾ ಹಿಂಗ್ ಓಡ್ಬೇಡಪ್ಪ, ಮಂಡಿ ಹೋಗ್ತವೆ" ಅಂತ ಬುದ್ಧಿ ಹೇಳಿದರು.

ಬಾಯಿ

ಮತ್ತೆ ಅಂಗಡಿಗೆ ಹೋಗತೊಡಗಿದ ಮೇಲೆ, ಕೆನ್ನೆ ಉಬ್ಬಿಸುವುದು, ತುಟಿ ಮುಂದಕ್ಕೆ ಚಾಚುವುದು, ಹಲ್ಲು ಬಿಡುವುದು, ಇಷ್ಟನ್ನು ಮಾತ್ರ ನಿಷ್ಠೆಯಿಂದ ಮಾಡುತ್ತಿದ್ದರು. ಮಾತು ಪೂರ್ತಿ ಸರಿಯಾಗುತ್ತೋ ಇಲ್ಲವೋ ಅನ್ನುವ ಭಯ ಒಳಗೇ ಇತ್ತು. ಗಿರಾಕಿ ಇಲ್ಲದಾಗ ಎದುರಿಗೆ ನೇತುಹಾಕಿದ್ದ ತಟ್ಟೆಯಲ್ಲಿ ಮುಖ ನೋಡಿಕೊಂಡು ಶುರು.

ಒಂದು ಮಧ್ಯಾಹ್ನ ಊಟ ತಗೊಂಡು ಹೋದೆ. ನನ್ನ ಹಿಂದೆಯೇ ಒಬ್ಬ ಗಂಡಸು ಹೆಂಡತಿಯನ್ನು ಕರೆದುಕೊಂಡು ನುಗ್ಗಿದ.

"ಏನ್ರೀ ಯಜಮಾನ್ರೇ! ಆಗ್ಲೇ ನಮ್ಮನೆಯವ್ರು ಹೊರಗೆ ನಿಂತು ಪಾತ್ರೆ ನೋಡ್ತಿದ್ರೆ ಮುತ್ತು ಕೊಡೋ ಥರ ಮಾಡಿದ್ರಂತೆ?"

ಗಾಬರಿಗೆ ಇವರ ನಾಲಿಗೆ ಹೊರಳಲಿಲ್ಲ. "ತ... ತಟ್ಟೆ..." ಅಂದರು ಅಷ್ಟೇ. "ಸ್ಟ್ರೋಕ್ ಆಗಿತ್ತು ಕಣಪ್ಪ, ಡಾಕ್ಟ್ರು ಹೇಳಿರೋ ವ್ಯಾಯಾಮ" ಅಂದೆ. ಆತ ನಂಬಲಿಲ್ಲ.

"ಎಲ್ಲಿ, ಮಾಡಿ ತೋರ್ಸಿ."

ಇವರು ಕೆನ್ನೆ ಉಬ್ಬಿಸಿದರು. ತುಟಿ ಚಾಚಿದರು. ಎಡಗಡೆ ಮೇಲೇಳಲಿಲ್ಲ, ಜೊಲ್ಲು ಇಳಿಯಿತು. ನಾನು ಸೆರಗಿನಿಂದ ಒರೆಸಿದೆ. ಆತ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದ.

"ತಪ್ಪಾಯ್ತು ಸಾರ್. ನಮ್ಮಪ್ಪಂಗೂ ಹಿಂಗೇ ಆಗಿತ್ತು. ಇದೆಲ್ಲ ಮಾಡ್ಸೋಕೆ ನಮಗೆ ಗೊತ್ತಾಗ್ಲಿಲ್ಲ." ಸ್ಟೂಲನ್ನು ಗಲ್ಲಾದ ಹತ್ತಿರ ಎಳೆದುಕೊಂಡು, "ನಂಗೂ ಬಿಪಿ ಐತೆ. ಹೆಂಗ್ ಮಾಡೋದು, ಇನ್ನೊಂದ್ಸಲ ತೋರ್ಸಿ" ಅಂದ.

ಆತನ ಹೆಂಡತಿ ಕಣ್ಣೊರೆಸಿಕೊಂಡಳು. ಗಂಡಸರಿಬ್ಬರೂ ಗಲ್ಲಾ ಪೆಟ್ಟಿಗೆಯ ಆಚೆ ಒಬ್ಬರು, ಈಚೆ ಒಬ್ಬರು ಕೂತು, ಒಬ್ಬರನ್ನೊಬ್ಬರು ನೋಡುತ್ತಾ ಶ್ರದ್ಧೆಯಿಂದ ತುಟಿ ಚಾಚಿದರು.

ಅಷ್ಟರಲ್ಲಿ ಕುಕ್ಕರ್ ಕೊಳ್ಳಲು ಮೆಟ್ಟಿಲು ಹತ್ತಿದ್ದ ತಾಯಿ ಮಗಳು ಗಕ್ಕನೆ ನಿಂತರು. ತಾಯಿ ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದಳು.

ಆತ ಎದ್ದು ನಿಂತು ಕೂಗಿದ: "ಹೆದರ್ಬೇಡಿ ಬನ್ನಿ ತಾಯಿ, ನಮ್ಮಿಬ್ರ ಹೆಂಡ್ತೀರೂ ಇಲ್ಲೇ ಅವ್ರೆ!"