ಗೇರುಸೊಪ್ಪೆಗೆ ಹೋದ ತೊಟ್ಟಿಲು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬೆಳಕೆಯ ಮಾಬ್ಲ ನಾಯ್ಕ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಅವನ ಮೊಬೈಲು ಟಿಣ್ ಎಂದಿತು. ‘ಪ್ರಿಯ ಗ್ರಾಹಕರೆ, ನಿಮ್ಮ ಆರ್ಡರ್ ಹೊನ್ನಾವರದಿಂದ ಹೊರಟಿದೆ. ವಸ್ತು: ಸಾಗುವಾನಿ ತೊಟ್ಟಿಲು. ತಲುಪಬೇಕಾದವರು: ಹೊನ್ನಿ, ಶಾಲೆಯ ಹತ್ತಿರ, ಗೇರುಸೊಪ್ಪ.’

ಮಾಬ್ಲ ಎರಡು ಸಲ ಓದಿದ. ಅವನಿಗೆ ಮೂವತ್ತೊಂಬತ್ತು ವಯಸ್ಸು. ಊರೂರು ತಿರುಗಿ ಮನೆಗಳ ಕರೆಂಟು ಮೀಟರ್ ಓದುವುದು ಕೆಲಸ. ಮದುವೆಯಾಗಿರಲಿಲ್ಲ. ತೊಟ್ಟಿಲು ಬೇಕಾಗುವಂಥ ಯಾವ ಘಟನೆಯೂ ಅವನ ಬಾಳಿನಲ್ಲಿ ಇದುವರೆಗೆ ನಡೆದಿರಲಿಲ್ಲ. ನಡೆಯಲಿ ಎಂಬ ಆಸೆಯಿಂದಲೇ ಆತ ಇಷ್ಟು ಬೇಗ ಗಡ್ಡ ಕೆರೆಯುತ್ತಿದ್ದದ್ದು. ಹತ್ತು ಗಂಟೆಗೆ ಕುಮಟೆಯಿಂದ ಹುಡುಗಿಯ ಕಡೆಯವರು ಮನೆ ನೋಡಲು ಬರುವವರಿದ್ದರು.

ಸಾಬೂನಿನ ಕೈಯಲ್ಲೇ ಆನ್‌ಲೈನ್ ಅಂಗಡಿಯ ಖಾತೆ ತೆರೆದ. ಹುಡುಗಿ ಒಪ್ಪಿದರೆ ಒಂದು ಒಳ್ಳೆಯ ವಾಚು ತರಿಸಬೇಕೆಂದು ಹೋದ ವಾರ ಅದರಲ್ಲಿ ದುಡ್ಡು ತುಂಬಿಸಿಟ್ಟಿದ್ದ. ಈಗ ಅದು ಇಳಿತದ ಹೊತ್ತಿನ ಅಳಿವೆಯಂತೆ ತಗ್ಗಿತ್ತು. ಅಂಗಡಿಯ ಸಹಾಯವಾಣಿಗೆ ಫೋನು ಮಾಡಿದರೆ ಹತ್ತು ನಿಮಿಷ ಕೊಳಲು ಕೇಳಿಸಿ ಆಮೇಲೆ ತಾನಾಗಿಯೇ ಕಟ್ಟಾಯಿತು.

ಇಂಥ ಸಂಕಟಕ್ಕೆ ಬೆಳಕೆಯಲ್ಲಿ ಇದ್ದದ್ದು ಒಂದೇ ಮದ್ದು, ಪಕ್ಕದ ಮನೆಯ ನಾಗಭೂಷಣ ಮಾಸ್ತರು. ನಿವೃತ್ತರಾಗಿ ಆರು ವರ್ಷವಾಗಿತ್ತು. ಮೊಬೈಲಿನ ವಿಷಯದಲ್ಲಿ ಊರಿಗೆಲ್ಲ ಅವರೇ ಪಂಡಿತರು. ಒಂದೇ ಕುಂದೆಂದರೆ, ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಅವರ ದನಿ ಗುಟ್ಟು ಹೇಳುವಾಗಲೂ ಹಿಂದಿನ ಬೆಂಚಿನವರೆಗೆ ತಲುಪುತ್ತಿತ್ತು.

“ಸಾಗುವಾನಿ ತೊಟ್ಟಿಲು! ಹೊನ್ನಿ! ಗೇರುಸೊಪ್ಪ!” ಎಂದು ಮಾಸ್ತರು ಅಂಗಳದಲ್ಲಿ ನಿಂತು ಸ್ಪಷ್ಟವಾಗಿ ಓದಿದರು. “ತಮಾ, ನಿನ್ನ ಖಾತೆಗೆ ಯಾರೋ ಕನ್ನ ಹಾಕ್ಯಾರೆ. ಹ್ಯಾಕ್ ಅಂತಾರೆ ಇದಕ್ಕೆ.”

“ಸಣ್ಣಕೆ ಹೇಳಿ ಮಾಸ್ತರ್ರೆ.”

“ಸಣ್ಣಕೇ ಹೇಳ್ತಾ ಇದ್ದೆ!” ಎಂದು ಮಾಸ್ತರು ಗುಡುಗಿದರು.

ಬೇಲಿಯಾಚೆ ದಾಸವಾಳ ಕೊಯ್ಯುತ್ತಿದ್ದ ಚೌಡಮ್ಮನ ಕೈ ನಿಂತಿತು. ಕನ್ನ, ಖಾತೆ, ಹ್ಯಾಕು ಇವೊಂದೂ ಅವಳ ಕಿವಿಗೆ ಇಳಿಯಲಿಲ್ಲ. ತೊಟ್ಟಿಲು ಮತ್ತು ಹೊನ್ನಿ ಇಳಿದವು. ಅರ್ಧ ಬುಟ್ಟಿ ಹೂವನ್ನು ಅಲ್ಲೇ ಬಿಟ್ಟು ಅವಳು ಹಾಲಿನ ಡೇರಿಯ ಕಡೆ ನಡೆದಳು. ಅಲ್ಲಿ ಅವಳು ಒಂದು ಮಗು ಎಂದು ಹೇಳಿದ್ದು, ಒಂಬತ್ತು ಗಂಟೆಗೆ ಬಸ್‌ಸ್ಟಾಪಿಗೆ ಬರುವಾಗ ಅವಳಿ ಜವಳಿ ಆಗಿತ್ತು.

ಹತ್ತಕ್ಕೆ ಸರಿಯಾಗಿ ಕಾರು ಬಂತು. ಇಳಿದವರು ಇಬ್ಬರು. ಒಬ್ಬಳು ಸುಚಿತಾ, ಮೂವತ್ತನಾಲ್ಕರ ಅವಳು ಕುಮಟೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹನ್ನೊಂದು ವರಗಳನ್ನು ಬೇಡವೆಂದಿದ್ದಳು. ಇನ್ನೊಬ್ಬರು ಅವಳ ಸೋದರಮಾವ ವೆಂಕಟ್ರಮಣ. ಬಸ್ಸುಗಳಲ್ಲಿ ಟಿಕೇಟು ತಪಾಸಣೆ ಮಾಡಿ ನಿವೃತ್ತರಾದವರು. ಜಗತ್ತಿನಲ್ಲಿ ಎಲ್ಲರೂ ಟಿಕೇಟಿಲ್ಲದೆ ಕೂತಿದ್ದಾರೆಂಬ ನಂಬಿಕೆ ಅವರ ಹುಬ್ಬಿನಲ್ಲೇ ಉಳಿದುಬಿಟ್ಟಿತ್ತು.

ಮಾಬ್ಲನ ತಾಯಿ ಗಂಗಮ್ಮ ಸುಕ್ಕಿನುಂಡೆ, ಅವಲಕ್ಕಿ ತಂದಿಟ್ಟಳು. ಹಿರಿಯರೊಬ್ಬರು ಇರಲೆಂದು ಮಾಸ್ತರೂ ಬಂದು ಕೂತರು. ಸಂಬಳ, ಗದ್ದೆ, ಬಾವಿ ಎಲ್ಲದರ ತಪಾಸಣೆ ಮುಗಿದು ವೆಂಕಟ್ರಮಣರ ಹುಬ್ಬು ಒಂದಿಷ್ಟು ಇಳಿಯುತ್ತಿತ್ತು. ಅಷ್ಟರಲ್ಲಿ ಸ್ಟೂಲಿನ ಮೇಲಿದ್ದ ಮೊಬೈಲು ಟಿಣ್ ಎಂದಿತು.

ಮಾಬ್ಲ ಕೈ ಚಾಚುವ ಮೊದಲೇ ಮಾಸ್ತರು ಅದನ್ನೆತ್ತಿಕೊಂಡರು. ಅಕ್ಷರ ಕಂಡರೆ ಓದದೆ ಬಿಡುವುದು ಅವರಿಂದ ಆಗದ ಕೆಲಸ. “ಪ್ರಿಯ ಗ್ರಾಹಕರೆ! ಬಾಣಂತಿ ಲೇಹ್ಯ, ಎರಡು ಡಬ್ಬಿ. ತಲುಪಬೇಕಾದವರು, ಹೊನ್ನಿ, ಗೇರುಸೊಪ್ಪ.”

ಜಗಲಿಯಲ್ಲಿ ಸುಕ್ಕಿನುಂಡೆ ಕಡಿಯುವ ಸದ್ದೂ ನಿಂತಿತು. ಮೊಸರು ಕೊಡುವ ನೆಪದಲ್ಲಿ ಬಾಗಿಲಿಗೆ ಬಂದಿದ್ದ ಚೌಡಮ್ಮ, “ತೊಟ್ಲು ಬೆಳಿಗ್ಗೇನೆ ಹೋತು, ಈಗ ಲೇಹ್ಯ ಹೊಂಟ್ತು,” ಎಂದು ಕೊರತೆ ತುಂಬಿದಳು.

“ಹೊನ್ನಿ ಅಂದ್ರೆ ಯಾರು?” ವೆಂಕಟ್ರಮಣ ಕೇಳಿದರು.

“ನಂಗೆ ಗೊತ್ತಿಲ್ಲ. ದೇವರಾಣೆ. ಯಾರೋ ನನ್ನ ಖಾತೆ ಹ್ಯಾಕ್ ಮಾಡಿ ಸಾಮಾನು ತರಿಸ್ಕಳ್ತಾ ಇದಾರೆ.”

“ಕಳ್ಳ ಆದವ ಮೊಬೈಲು ತರಿಸ್ತಾನೆ, ಬಂಗಾರ ತರಿಸ್ತಾನೆ. ಬಾಣಂತಿ ಲೇಹ್ಯ ತರಿಸೂ ಕಳ್ಳನ್ನ ನಾನು ನೋಡ್ಲಿಲ್ಲ.”

ಗಂಗಮ್ಮ ಸೆರಗು ಬಿಗಿದು ಮುಂದೆ ಬಂದಳು. “ನನ್ನ ಮಗ ಅಂಥವ ಅಲ್ಲ. ಯಾರ ಮನೆಗೆ ಹೋದ್ರೂ ಮೀಟರ್ ಬಿಟ್ಟು ಬ್ಯಾರೆ ಕಡೆ ಕಣ್ಣೆತ್ತಿ ನೋಡ್ದವ ಅಲ್ಲ.”

“ಗೇರುಸೊಪ್ಪೆಲೂ ಮೀಟರ್ ಇರ್ತು,” ಎಂದಳು ಚೌಡಮ್ಮ.

ಮಾಬ್ಲನಿಗೆ ಹದಿನೈದು ಸಂಬಂಧ ತಪ್ಪಿಹೋಗಿದ್ದವು. ಒಂದಕ್ಕೆ ಜಾತಕ, ಒಂದಕ್ಕೆ ಸಂಬಳ, ಒಂದಕ್ಕೆ ಬರಿಯ ಬೆಳಕೆ ಎಂಬ ಹೆಸರು ಅಡ್ಡ ಬಂದಿತ್ತು. ಮಾಡದ ಸಂಸಾರವೊಂದು ಅಡ್ಡ ಬಂದದ್ದು ಇದೇ ಮೊದಲು.

ಆಗ ಇದುವರೆಗೆ ಬಾಯಿ ಬಿಡದ ಸುಚಿತಾ ಲೋಟ ಕೆಳಗಿಟ್ಟಳು. “ಅಡ್ರೆಸ್ಸು ಇದ್ಯಲ್ಲ ಮಾವ. ಹೋಗಿ ನೋಡಿದ್ರೆ ಆತು.”

ಹಾಗೆ ಕಾರು ಹೊರಟಿತು. ಮುಂದೆ ಮಾವ, ಸೊಸೆ. ಹಿಂದೆ ಮಾಸ್ತರು ಒಂದು ಕಿಟಕಿಗೆ, ಚೌಡಮ್ಮ ಇನ್ನೊಂದಕ್ಕೆ. ಅವಳನ್ನು ಯಾರೂ ಕರೆದಿರಲಿಲ್ಲ; “ಸಾಕ್ಷಿ ಹೇಳೂಕೆ ಒಬ್ರು ಬೇಕಲ” ಎನ್ನುತ್ತ ಹತ್ತಿ ಕೂತಿದ್ದಳು. ನಡುವೆ ಮಾಬ್ಲ, ಎರಡು ಮೂಟೆಗಳ ಸಂದಿಯಲ್ಲಿ ಸಿಕ್ಕ ಬಂಗಡೆ ಮೀನಿನಂತೆ.

ಭಟ್ಕಳ ದಾಟಿತು, ಹೊನ್ನಾವರ ಬಂತು. ಮೊಬೈಲನ್ನು ಆತ ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ. ಕಾರು ಗೇರುಸೊಪ್ಪೆಯ ದಾರಿಗೆ ತಿರುಗುವಾಗ ಅದು ಅಲ್ಲಿಂದಲೇ ಟಿಣ್ ಎಂದಿತು. ವೆಂಕಟ್ರಮಣ ಕನ್ನಡಿಯಲ್ಲಿ ನೋಡಿದರು. ಮಾಬ್ಲ ನಿಟ್ಟುಸಿರಿಟ್ಟು ಮೊಬೈಲು ಹೊರತೆಗೆದು ಮಾಸ್ತರ ಕೈಗೆ ತಾನೇ ಕೊಟ್ಟ.

“ಮಗುವಿನ ಬೆಳ್ಳಿ ಕಾಲ್ಗೆಜ್ಜೆ, ಒಂದು ಜೊತೆ,” ಎಂದು ಮಾಸ್ತರು ಓದಿದರು.

“ಒಂದೇ ಜೊತೆ,” ಎಂದಳು ಚೌಡಮ್ಮ, ಸ್ವಲ್ಪ ನಿರಾಶೆಯಿಂದ. “ಹಾಗಾದ್ರೆ ಅವಳಿ ಅಲ್ಲ.”

ಗೇರುಸೊಪ್ಪೆಯಲ್ಲಿ ಶಾಲೆಯ ಹತ್ತಿರದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಹೊಸ ತೊಟ್ಟಿಲು, ಸುತ್ತ ಹರಿದ ರಟ್ಟಿನ ಪೆಟ್ಟಿಗೆ. ಕಾರಿನ ಸದ್ದಿಗೆ ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಐದು ಜನ ಸಾಲಾಗಿ ಅಂಗಳದಲ್ಲಿ ನಿಂತರು. ಮಗು ಐವರನ್ನೂ ನೋಡಿ, ಮಾಬ್ಲನನ್ನು ಆರಿಸಿಕೊಂಡು, ಬೊಚ್ಚುಬಾಯಿ ಬಿಟ್ಟು ನಕ್ಕು ಎರಡೂ ಕೈ ಚಾಚಿತು.

“ಮೂಗು ಮಾಬ್ಲಂದೇ,” ಎಂದು ಚೌಡಮ್ಮ ತೀರ್ಪು ಕೊಟ್ಟಳು.

ವೆಂಕಟ್ರಮಣ ಮಾಬ್ಲನ ಭುಜ ಹಿಡಿದು ಮುಂದೆ ನಿಲ್ಲಿಸಿದರು. “ನೀನೇನಾ ಹೊನ್ನಿ? ಇವರ ಗುರ್ತು ಇದ್ಯಾ?”

ಹೊನ್ನಿ ತಲೆಯಿಂದ ಕಾಲಿನವರೆಗೆ ನೋಡಿದಳು. “ಇಲ್ಲ. ಎಲ್ಲೂ ಕಂಡಂಗಿಲ್ಲ. ಎಂತ ಬೇಕಿತ್ತು?”

ಆ ಮಾತು ಕೇಳಿ ಮಾಬ್ಲನಿಗೆ ಜೀವ ಬಂತು. ಬೆಳಗಿನಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು. ಅಷ್ಟರಲ್ಲಿ ಒಳಗಿನಿಂದ ಅವಳ ಗಂಡ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಹೆಸರು ಪ್ರವೀಣ, ಗೂಡ್ಸ್ ರಿಕ್ಷಾ ಹೊಡೆಯುವವ. ಮಾಬ್ಲ ಅವನ ಮುಂದೆ ಬೆರಳೆತ್ತಿದ.

“ತೊಟ್ಲು, ಲೇಹ್ಯ, ಗೆಜ್ಜೆ, ಎಲ್ಲ ನನ್ನ ಖಾತೆಯಿಂದ ತರಿಸ್ಕಂಡೀಯಲ್ಲ! ನಾಚಿಕೆ ಇಲ್ವಾ? ನಿನ್ನ ಪೊಲೀಸಿಗೆ ಕೊಡ್ತೆ!”

ಪ್ರವೀಣ ಹುಬ್ಬು ಗಂಟಿಕ್ಕಿದ. “ನಿಮ್ಮ ಹೆಸ್ರು ಎಂತದು?”

“ಮಾಬ್ಲ ನಾಯ್ಕ. ಬೆಳಕೆ.”

“ಮಾಬ್ಲ ನಾಯ್ಕ, ಬೆಳಕೆ?” ಪ್ರವೀಣನ ಮುಖ ಹಬ್ಬದ ದಿನದಂತೆ ಅರಳಿತು. “ಏ ಹೊನ್ನಿ! ಕಳ್ಳ ಸಿಕ್ಕಿದಾ! ಮನೆಗೇ ಬಂದಾನೆ!”

ಮುಂದಿನ ಹತ್ತು ನಿಮಿಷ ಎಲ್ಲರೂ ಒಟ್ಟಿಗೇ ಮಾತಾಡಿದರು. ಕೊನೆಗೆ ಮಾಸ್ತರು ಚಪ್ಪಾಳೆ ತಟ್ಟಿ ಸುಮ್ಮನಿರಿಸಿ, ಇಬ್ಬರ ಮೊಬೈಲನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನೋಡುತ್ತ ನೋಡುತ್ತ ಅವರ ದನಿ ಜೀವಮಾನದಲ್ಲಿ ಮೊದಲ ಸಲ ಸಣ್ಣಗಾಯಿತು.

“ತಮಾ ಮಾಬ್ಲ, ಈ ನಂಬರು ನೀನು ಯಾವಾಗ ತಗಂಡಿದ್ದು?”

“ನಾಲ್ಕು ತಿಂಗ್ಳಾತು. ಹೊಸಾ ಸಿಮ್ಮು.”

“ಅದು ನನ್ನ ಹಳೇ ನಂಬರು,” ಎಂದ ಪ್ರವೀಣ. “ರೀಚಾರ್ಜ್ ಮಾಡ್ದೆ ಬಿಟ್ಟೆ, ಹೋತು.”

ವಿಷಯ ಇಷ್ಟೇ. ಹೋದ ನಂಬರನ್ನು ಕಂಪನಿ ಮಾಬ್ಲನಿಗೆ ಮಾರಿತ್ತು. ಮಾಬ್ಲ ಆನ್‌ಲೈನ್ ಅಂಗಡಿಗೆ ಹೋಗಿ ನಂಬರು ಒತ್ತಿದ, ಒಟಿಪಿ ಬಂತು, ಬಾಗಿಲು ತೆರೆಯಿತು. ಹೊಸ ಖಾತೆಯೆಂದು ತಿಳಿದು ಅವನು ಒಳಹೊಕ್ಕದ್ದು ಪ್ರವೀಣನ ಹಳೆಯ ಖಾತೆಗೆ. ಪ್ರವೀಣನ ಮೊಬೈಲಿನಲ್ಲಿ ಅದು ತೆರೆದೇ ಇತ್ತು. ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ನಾಲ್ಕು ತಿಂಗಳು ಸಂಸಾರ ಮಾಡಿದ್ದರು.

“ಹಾಗಾದ್ರೆ ಹ್ಯಾಕ್ ಮಾಡಿದ್ದು...” ವೆಂಕಟ್ರಮಣ ಶುರುಮಾಡಿದರು.

“ಇವರೇ,” ಎಂದ ಪ್ರವೀಣ. “ಯಾರೋ ನನ್ನ ಖಾತೆಲಿ ಸಾಮಾನು ತರಿಸ್ತಾ ಇದಾರೆ ಅಂತ ನಾನು ಅಂಗಡಿಯವರಿಗೆ ದೂರು ಕೊಟ್ಟಿದ್ದೆ. ಹೋದ ವಾರ ಖಾತೆಗೆ ದುಡ್ಡು ಬಂತು. ಪರಿಹಾರ ಕೊಟ್ರು ಅಂದ್ಕಂಡಿ. ಬಾಳಾ ಒಳ್ಳೇ ಜನ ಅಂತ ಇವಳ ಕೈಲಿ ಹೇಳ್ದೆ. ತೊಟ್ಲು ತರಿಸಿದ್ವಿ.”

“ಅದು ನನ್ನ ದುಡ್ಡು!” ಮಾಬ್ಲ ಕೂಗಿದ.

“ನನ್ನ ಖಾತೆಗೆ ನಿಮ್ಮ ದುಡ್ಡು ಹಾಕೂಕೆ ಯಾರು ಹೇಳಿದ್ರು? ಪೊಲೀಸ್ರಿಗೂ ದೂರು ಬರೆದಿಟ್ಟಿದ್ದೆ, ನಾಳೆ ಹೊನ್ನಾವರಕ್ಕೆ ಹೋಗಿ ಕೊಡೂಕೆ. ತಡೀರಿ.” ಪ್ರವೀಣ ಒಳಗೆ ಹೋಗಿ ಒಂದು ಹಾಳೆ ತಂದ.

ಮಾಬ್ಲ ಅದನ್ನು ಕಸಿಯಲು ಹಾರಿದ. ಆದರೆ ಹಾಳೆ ಆಗಲೇ ಮಾಸ್ತರ ಕೈ ಸೇರಿತ್ತು. ದುಂಡಗಿನ ಅಕ್ಷರ ಕಂಡು ಅವರಿಗೆ ಸಂತೋಷವಾಯಿತು. ಕನ್ನಡಕ ಸರಿಮಾಡಿಕೊಂಡು, ಹಿಂದಿನ ಬೆಂಚಿಗೂ ಕೇಳುವಂತೆ ಓದತೊಡಗಿದರು.

“ಸದರಿ ಬೆಳಕೆಯ ಮಾಬ್ಲ ನಾಯ್ಕ ಎಂಬ ಅಪರಿಚಿತ ವ್ಯಕ್ತಿಯು ನನ್ನ ಖಾತೆಯನ್ನು ದುರುಪಯೋಗಪಡಿಸಿಕೊಂಡು, ತನ್ನ ಮನೆಯ ವಿಳಾಸಕ್ಕೆ ತರಿಸಿಕೊಂಡ ವಸ್ತುಗಳ ವಿವರ. ಬಿಳಿ ಕೂದಲನ್ನು ಹತ್ತು ನಿಮಿಷದಲ್ಲಿ ಕಪ್ಪು ಮಾಡುವ ಎಣ್ಣೆ, ಮೂರು ಬಾಟಲಿ. ನೆತ್ತಿಗೆ ಅಂಟಿಸುವ ಗಂಡಸರ ಕೂದಲು, ಒಂದು...”

“ಮಾಸ್ತರ್ರೆ, ಸಾಕು,” ಎಂದ ಮಾಬ್ಲ.

“ಸ್ವಲ್ಪವೇ ಉಳೀತು, ತಮಾ. ಹೊಟ್ಟೆಯನ್ನು ಒಳಗೆ ಒತ್ತಿ ಹಿಡಿಯುವ ಪಟ್ಟಿ, ಅತಿ ದೊಡ್ಡ ಅಳತೆ. ಬೂಟಿನೊಳಗೆ ಹಾಕಿಕೊಳ್ಳುವ, ಎತ್ತರವನ್ನು ಎರಡಿಂಚು ಹೆಚ್ಚಿಸುವ ಮೆತ್ತೆ, ಒಂದು ಜೊತೆ.”

ಆರು ಜೊತೆ ಕಣ್ಣುಗಳು ಮಾಬ್ಲನ ನೆತ್ತಿಯಿಂದ ಹೊರಟು, ಹೊಟ್ಟೆಯ ಬಳಿ ಸ್ವಲ್ಪ ನಿಂತು, ಬೂಟಿಗೆ ಬಂದು ಇಳಿದವು. ಮಾಬ್ಲ ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟ. ಅಂಗಿಯೊಳಗೆ ಎಂತದೋ ಚಟ್ ಎಂದು ಬಿಟ್ಟುಕೊಂಡಿತು. ಆಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಇನ್ನು ಗೊಂದಲ ಬೇಡವೆಂದು ಮಾಸ್ತರು ಮಾಬ್ಲನ ಮೊಬೈಲಿನಲ್ಲಿ ‘ಎಲ್ಲ ಕಡೆಯಿಂದ ಹೊರಬನ್ನಿ’ ಎಂಬುದನ್ನು ಒತ್ತಿದರು. ಖಾತೆ ಇಬ್ಬರಿಗೂ ಮುಚ್ಚಿತು. ಪ್ರವೀಣ ದೂರನ್ನು ಹರಿದುಹಾಕಿದ. ಹೊನ್ನಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು.

ವೆಂಕಟ್ರಮಣ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. ಅವರ ಹುಬ್ಬು ಪೂರ್ತಿ ಇಳಿದಿತ್ತು. “ಸುಚಿತಾ, ನಾನು ಬಾಯಿ ಬಿಟ್ಟು ಹೇಳ್ತೆ. ಹುಡುಗನ ನಡತೆಲಿ ಎಂತದೂ ಐಬು ಇಲ್ಲ. ಕೂದ್ಲು, ಹೊಟ್ಟೆ ಎಲ್ಲ ಯಾರಿಗಿಲ್ಲ? ನಂಗೆ ಒಪ್ಪಿಗೆ.”

ಮಾಬ್ಲ ತಲೆ ಎತ್ತಿದ. ಹಾಳಾದ ದಿನದ ತಳದಲ್ಲಿ ಏನೋ ಮಿನುಗಿದಂತೆ ಕಂಡಿತು.

ಸುಚಿತಾ ಲೋಟವನ್ನು ಹೊನ್ನಿಯ ಕೈಗೆ ಕೊಟ್ಟು, ಮಗುವಿನ ಗಲ್ಲ ಮುಟ್ಟಿ, ಚಪ್ಪಲಿ ಮೆಟ್ಟಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಗೆಯೂ ಇರಲಿಲ್ಲ. “ಬ್ಯಾಡ ಮಾವ. ಗೇರುಸೊಪ್ಪೆಲಿ ಖರೇ ಒಬ್ಳು ಹೆಂಡ್ತಿ ಇದ್ದಿದ್ರೆ, ಇವರನ್ನ ಒಬ್ಳಾದ್ರೂ ಒಪ್ಪಿದಾಳೆ ಅಂತ ನಂಗೊಂದು ಧೈರ್ಯ ಇರ್ತಿತ್ತು.”

ಕಾರು ಹೊರಟಿತು. ಮಾಸ್ತರು ಮತ್ತು ಚೌಡಮ್ಮ ಹೊನ್ನಾವರದ ತನಕ ಅದರಲ್ಲೇ ಹೋದರು. ಊರಿಗೆ ಮೊದಲು ಯಾರು ಮುಟ್ಟುವುದು ಎಂಬ ಬಗ್ಗೆ ಇಬ್ಬರಲ್ಲೂ ಸಣ್ಣ ಪೈಪೋಟಿ ಇದ್ದಂತಿತ್ತು. ಮಾಬ್ಲ ಬಸ್ಸಿಗೆ ಬರುತ್ತೇನೆಂದು ಅಂಗಳದಲ್ಲೇ ಉಳಿದ. ಎತ್ತರದ ಬೂಟಿನಲ್ಲಿ ಕಾಲು ಬೇಯುತ್ತಿತ್ತು.

ಪ್ರವೀಣ ಮೊಬೈಲು ಹಿಡಿದುಕೊಂಡು ಹತ್ತಿರ ಬಂದ. ಸ್ವಲ್ಪ ಸಂಕೋಚವಿತ್ತು. “ಅಣ್ಣ, ತೊಟ್ಲಿಗೆ ಒಂದು ಸೊಳ್ಳೆಪರದೆ ತರಿಸ್ಬೇಕಿತ್ತು. ಖಾತೆಲಿ ಇನ್ನೂ ಚೂರು ದುಡ್ಡು ಉಳದಿದ್ದು. ಮಾಸ್ತರು ಎಂತ ಒತ್ತಿದ್ರೋ, ಈಗ ಒಟಿಪಿ ಕೇಳ್ತಾ ಇದ್ದು. ಅದು ನಿಮ್ಮ ನಂಬರಿಗೇ ಬರೂದು.”

ಮಾಬ್ಲನ ಕಿಸೆಯಲ್ಲಿ ಟಿಣ್ ಎಂದಿತು. ಆತ ಮೊಬೈಲು ತೆಗೆದು ನೋಡಿದ. ತೊಟ್ಟಿಲಿನಲ್ಲಿ ಮಲಗಿದ್ದ ಮಗುವಿನ ಹಣೆಯ ಮೇಲೆ ಸೊಳ್ಳೆ ಕಚ್ಚಿದ ಕೆಂಪು ಗುರುತಿತ್ತು.

“ಬರ್ಕೋ,” ಎಂದು ಹೇಳಿ, ಆರೂ ಅಂಕಿಗಳನ್ನು ಒಂದೊಂದಾಗಿ ಓದಿದ.